ಹಿಮಕ್ಕಿಂತ ಹಸ್ತವೇ ಮೇಲು

ವೈದ್ಯವಿಷಯವು ಕಲಾ ಕಾಲೇಜಿನ ಸಂಚಿಕೆಯಲ್ಲೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಿಲ್ಲುವ ಹೃದಯವು ನಿಲ್ಲುವ ಮೊದಲು ಹತ್ತಿರದಲ್ಲಿ ವೈದ್ಯರಿರುವರೇ ಎಂದು ನೋಡುವುದಿಲ್ಲವಷ್ಟೆ!

ಹೃದಯವು ಹಠಾತ್ತನೆ ಸ್ತಂಭಿಸಿದರೆ ನಾಲ್ಕೈದು ನಿಮಿಷಗಳಲ್ಲಿಯೇ ಪ್ರಾಣವಾಯುವಿಲ್ಲದೆ ಮಿದುಳು ಕೆಡಲಾರಂಭಿಸುತ್ತದೆ. ವೈದ್ಯರು ಹೃದಯವನ್ನು ಮರಳಿ ನಡೆಯಿಸಿದರೂ ಎಷ್ಟೋ ರೋಗಿಗಳಿಗೆ ಎಚ್ಚರ ಬರುವುದಿಲ್ಲ. ಅಂಥವರ ಮೈಯನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದರೆ ಪ್ರಾಣವಾಯುವಿನ ಬೇಡಿಕೆ ತಗ್ಗಿ ಮಿದುಳು ಉಳಿದೀತೆಂಬುದು ಒಂದು ಚಿಕಿತ್ಸೆಯ ತತ್ತ್ವ. 2002ರಲ್ಲಿ ಯೂರೋಪಿನ ಪ್ರಯೋಗವೊಂದರಲ್ಲಿ ತಂಪು ಪಡೆದವರ ಪೈಕಿ ನೂರಕ್ಕೆ 55 ಮಂದಿ, ಪಡೆಯದವರಲ್ಲಿ 39 ಮಂದಿ ಚೆನ್ನಾಗಿ ಚೇತರಿಸಿಕೊಂಡರು. ವೈದ್ಯಲೋಕ ಹರ್ಷಿಸಿತು. ಆದರೆ 2021ರಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ, 33 ಡಿಗ್ರಿಗೆ ತಂಪುಗೊಳಿಸಿದವರಿಗೂ ಜ್ವರವೇರದಂತೆ ಮಾತ್ರ ಕಾಯ್ದವರಿಗೂ ಭೇದ ಕಾಣಲಿಲ್ಲ. ಆರು ತಿಂಗಳಲ್ಲಿ ಎರಡೂ ಗುಂಪುಗಳ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಹುಟ್ಟುವಾಗ ಉಸಿರುಕಟ್ಟಿದ ಶಿಶುಗಳಿಗೆ ಇದೇ ಉಪಚಾರವನ್ನು ಬೆಂಗಳೂರೂ ಸೇರಿದಂತೆ ದಕ್ಷಿಣ ಏಷ್ಯದ ಏಳು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗಲಂತೂ, ತಂಪು ಪಡೆದವುಗಳಲ್ಲಿ ನೂರಕ್ಕೆ 42, ಪಡೆಯದವುಗಳಲ್ಲಿ 31 ಶಿಶುಗಳು ಅಸುನೀಗಿದವು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಮಿದುಳನ್ನು ಉಳಿಸಬೇಕಾದ ಗಳಿಗೆ ಆಸ್ಪತ್ರೆಯದಲ್ಲ, ಬೀದಿಯದು ಎಂಬುದು ನನ್ನ ಅಭಿಪ್ರಾಯ. ಕೊಪ್ಪಳಕ್ಕೆ 2015ರಲ್ಲಿ ವೈದ್ಯಕೀಯ ಕಾಲೇಜು ಬಂದದ್ದು ನಮ್ಮ ಭಾಗ್ಯವೇ ಸರಿ. ಆದರೆ ಯಲಬುರ್ಗಾದ ಹೊಲದಲ್ಲಿ ಕುಸಿದವನಿಗೆ ಆ ದಾರಿ ನಾಲ್ಕು ನಿಮಿಷದ್ದಲ್ಲ.

ಗವಿಮಠದ ಜಾತ್ರೆಯ ಜನಸಾಗರದಲ್ಲಿ ಒಬ್ಬರು ಬಿದ್ದರೆನ್ನಿ. ನಾವು ಸುತ್ತಲೂ ನೆರೆಯುತ್ತೇವೆ. ಮುಖಕ್ಕೆ ನೀರು ಚಿಮುಕಿಸುತ್ತೇವೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತೇವೆ. ಉಸಿರೇ ಇಲ್ಲದವರಿಗೆ ಉಳ್ಳಾಗಡ್ಡಿಯ ವಾಸನೆ ಹೇಗೆ ತಿಳಿದೀತು? ಕರೆದರೂ ಓಗೊಡದೆ, ಉಸಿರಾಟವೂ ಸರಿಯಾಗಿಲ್ಲವಾದರೆ, ಕೂಡಲೇ ಒಬ್ಬರು 108ಕ್ಕೆ ಫೋನು ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಮೇಲೆ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡಂಗುಲದಷ್ಟು ಆಳಕ್ಕೆ ಒತ್ತುತ್ತಿರಬೇಕು. ದಣಿದರೆ ಮತ್ತೊಬ್ಬರು ಮುಂದುವರಿಸಬೇಕು.

ಇದಕ್ಕೆ ಪದವಿ ಬೇಡ, ಯಂತ್ರ ಬೇಡ. ಒಂದು ಮಧ್ಯಾಹ್ನದ ಅಭ್ಯಾಸ ಸಾಕು. ನಮ್ಮ ಎನ್.ಎಸ್.ಎಸ್. ಶಿಬಿರದಲ್ಲಿ ಬೀದಿ ಗುಡಿಸುವುದರೊಂದಿಗೆ ಇದನ್ನೂ ಕಲಿಸಿದರೆ, ಪ್ರತಿ ವರ್ಷವೂ ಹಳ್ಳಿಹಳ್ಳಿಗೆ ಬಲ್ಲ ಕೈಗಳು ಹಿಂದಿರುಗುವವು. ಪೂಜ್ಯ ಅಧ್ಯಾಪಕರೂ ಸಹಪಾಠಿ ಮಿತ್ರರೂ ಮುಂದಿನ ಶಿಬಿರಕ್ಕೆ ಮೊದಲೇ ಇದನ್ನು ಕುರಿತು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.