ಎಲೆಯ ಮರೆಯ ಕಾಯಿ ಕಾಣಬೇಕಾದರೆ

ಪರೀಕ್ಷೆಯ ಫಲಿತಾಂಶ ಬಂದು ಮನೆಯಲ್ಲಿ ಸಿಹಿ ಹಂಚಿ ಮುಗಿದ ಮೇಲೆ, ಅನೇಕ ಕುಟುಂಬಗಳಲ್ಲಿ ಮೌನದ ಕಾಲವೊಂದು ಆರಂಭವಾಗುತ್ತದೆ. ಅಂಕಪಟ್ಟಿ ಪೆಟ್ಟಿಗೆಯಲ್ಲಿರುತ್ತದೆ, ಕರೆ ಮಾತ್ರ ಬರುವುದಿಲ್ಲ. ದೊಡ್ಡ ಕಂಪನಿಗಳು ಎಲ್ಲ ಊರುಗಳ ಕಾಲೇಜುಗಳಿಗೂ ಬಂದು ಸಂದರ್ಶನ ನಡೆಸುವುದಿಲ್ಲ. ಆಗ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ, ‘ಬೆಂಗಳೂರಿನಲ್ಲಿ ನಮ್ಮವರು ಯಾರಾದರೂ ಇದ್ದಾರೆಯೆ?’ ಎಂಬುದು. ಪ್ರಶ್ನೆ ಹಳೆಯದು. ಆದರೆ ಪರಿಚಯವನ್ನು ಹುಡುಕುವ ಅಂಗಳ ಇಂದು ಬದಲಾಗಿದೆ. ಅದನ್ನು ನಮ್ಮ ಓದುಗ ಬಾಂಧವರು ಗಮನಿಸಬೇಕೆಂಬುದೇ ಈ ತಿಂಗಳ ನಮ್ಮ ಬಿನ್ನಹ.

೨೦೦೩ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಲಿಂಕ್ಡ್‌ಇನ್ ಎಂಬ ತಾಣ ಆರಂಭವಾಯಿತು. ೨೦೧೬ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡಿತು. ೨೦೨೩ರಲ್ಲಿ ಅದರ ಸದಸ್ಯರ ಸಂಖ್ಯೆ ನೂರು ಕೋಟಿಯನ್ನು ದಾಟಿತು. ನಮ್ಮ ಮಕ್ಕಳಲ್ಲಿ ಹಲವರು ಈಗಾಗಲೇ ಅದರಲ್ಲಿ ಹೆಸರು ನೋಂದಾಯಿಸಿರುತ್ತಾರೆ. ಆದರೆ ಹೆಸರು ಬರೆಸುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ.

ಉದ್ಯೋಗ ಕೊಡುವವರು ಅಷ್ಟೊಂದು ಜನರ ಪುಟಗಳನ್ನು ಒಂದೊಂದಾಗಿ ಓದುವುದಿಲ್ಲ. ತಮಗೆ ಬೇಕಾದ ವಿದ್ಯೆ, ಊರು, ಅನುಭವದ ವರ್ಷಗಳು, ಇವಿಷ್ಟನ್ನು ಕೊಟ್ಟು ಹುಡುಕುತ್ತಾರೆ. ಆ ಮಾತುಗಳು ಯಾರ ಪುಟದಲ್ಲಿವೆಯೋ ಅವರ ಹೆಸರು ಎದುರಿಗೆ ಬರುತ್ತದೆ. ಹೆಸರಿನ ಕೆಳಗೆ ಬರೆಯಲು ೨೨೦ ಅಕ್ಷರಗಳಷ್ಟು ಸ್ಥಳವಿದೆ. ಅಲ್ಲಿ ಬಹುಮಂದಿ ‘ವಿದ್ಯಾರ್ಥಿ’ ಎಂದೋ, ‘ಪರಿಶ್ರಮಿ, ಅವಕಾಶಕ್ಕಾಗಿ ಕಾದಿರುವವನು’ ಎಂದೋ ಬರೆದು ಸುಮ್ಮನಾಗುತ್ತಾರೆ. ಪರಿಶ್ರಮಿ ಎಂಬ ಪದವನ್ನು ಕೊಟ್ಟು ಯಾರೂ ಹುಡುಕುವುದಿಲ್ಲ. ‘ಸಿವಿಲ್ ಎಂಜಿನಿಯರ್, ಆಟೋಕ್ಯಾಡ್ ನಕ್ಷೆ, ಕಟ್ಟಡ ವೆಚ್ಚದ ಅಂದಾಜು, ಹುಬ್ಬಳ್ಳಿ’ ಎಂದು ಬರೆದರೆ ಹುಡುಕುವವರ ಕಣ್ಣಿಗೆ ಬೀಳುತ್ತದೆ. ಹಾಗೆಯೇ ‘ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಮಾಡಿದ್ದೇನೆ’ ಎಂದರೆ ಸಾಲದು. ಏನನ್ನು ಮಾಡಿದೆ, ಯಾವ ಸಾಧನ ಬಳಸಿದೆ, ಫಲವೇನಾಯಿತು ಎಂಬ ಮೂರು ಸಾಲು ಇರಬೇಕು.

ಇಲ್ಲಿಯೇ ನಮ್ಮ ಮನೆಗಳ ಸಂಸ್ಕಾರ ಅಡ್ಡ ಬರುವುದುಂಟು. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಅದು ಸರಿಯಾದ ಪಾಠ. ಆದರೆ ‘ನಾನು ಬಹಳ ಜಾಣ’ ಎನ್ನುವುದು ಆತ್ಮಪ್ರಶಂಸೆ, ‘ನಾನು ಈ ಕೆಲಸ ಮಾಡಿದ್ದೇನೆ’ ಎನ್ನುವುದು ವರದಿ. ಈ ಭೇದ ತಿಳಿಯದ ಸಂಕೋಚದಿಂದ ಎಷ್ಟೋ ಪ್ರತಿಭೆಗಳು ಎಲೆಯ ಮರೆಯ ಕಾಯಿಗಳಾಗಿಯೇ ಉಳಿದಿವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಭಾವಚಿತ್ರ ಹಾಕುವುದೆಂದರೆ ಹಿರಿಯರಿಗೆ ಆತಂಕ. ಭಾವಚಿತ್ರವನ್ನು ಯಾರು ನೋಡಬಹುದೆಂಬುದನ್ನು ಸದಸ್ಯರೇ ನಿರ್ಧರಿಸಬಹುದು. ಮಕ್ಕಳ ಪಾಲನೆಗೆಂದು ಕೆಲಸ ಬಿಟ್ಟ ತಾಯಂದಿರು ಆ ವಿರಾಮವನ್ನು ಮರೆಮಾಚಬೇಕಾಗಿಯೂ ಇಲ್ಲ. ಅದನ್ನು ನೇರವಾಗಿ ನಮೂದಿಸುವ ವ್ಯವಸ್ಥೆ ೨೦೨೨ರಿಂದ ಇದೆ.

ಇನ್ನು ಪರಿಚಯದ ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ೧೯೭೩ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಸ್ಟನ್ ನಗರದ ಬಳಿ, ಪರಿಚಯದವರ ಮೂಲಕ ಕೆಲಸ ದೊರೆತವರನ್ನು ಅವರು ವಿಚಾರಿಸಿದ್ದರು. ಆಗಾಗ್ಗೆ ಭೇಟಿಯಾಗುತ್ತಿದ್ದ ಆಪ್ತರಿಂದ ಸುದ್ದಿ ತಿಳಿದವರು ಆರು ಮಂದಿಗೆ ಒಬ್ಬರು ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಕಾಣುವ ಪರಿಚಿತರಿಂದಲೇ ತಿಳಿದಿತ್ತು. ಕಾರಣ ಸರಳ. ನಮ್ಮ ಆಪ್ತರಿಗೆ ತಿಳಿದಿರುವುದು ಹೆಚ್ಚುಕಡಿಮೆ ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಲಿಂಕ್ಡ್‌ಇನ್ನಿನ ಎರಡು ಕೋಟಿ ಸದಸ್ಯರ ಮಾಹಿತಿಯನ್ನು ಆಧರಿಸಿ ೨೦೨೨ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸಮರ್ಥಿಸಿತು. ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದವರ ಸಂಪರ್ಕವೇ ಹೊಸ ಉದ್ಯೋಗಕ್ಕೆ ಹೆಚ್ಚು ನೆರವಾಗುತ್ತದೆ ಎಂದು ಅದು ತಿಳಿಸಿತು.

ಆದ್ದರಿಂದ ಬೆಂಗಳೂರಿನಲ್ಲಿ ನೆಂಟರಿಲ್ಲವೆಂದು ಕೊರಗಬೇಕಾಗಿಲ್ಲ. ಹುಬ್ಬಳ್ಳಿಯ ಬಿ.ವಿ.ಬಿ., ಕಲಬುರಗಿಯ ಪಿ.ಡಿ.ಎ., ತುಮಕೂರಿನ ಸಿದ್ಧಗಂಗಾ, ಬಾಗಲಕೋಟೆಯ ಬಸವೇಶ್ವರ ಮೊದಲಾದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದಶಕಗಳಿಂದ ಓದಿ ಹೊರಬಂದವರು ದೇಶವಿದೇಶಗಳಲ್ಲಿದ್ದಾರೆ. ಈ ತಾಣದಲ್ಲಿ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ ಇದ್ದಾರೆಂಬುದು ವಿಂಗಡಿಸಿ ಕಾಣುತ್ತದೆ. ಅಂಥವರಿಗೆ ನಾಲ್ಕು ಸಾಲು ಬರೆಯಬೇಕು. ‘ಸರ್, ನನಗೊಂದು ಕೆಲಸ ಕೊಡಿಸಿ’ ಎಂದು ಬರೆದರೆ ಉತ್ತರ ಬರುವುದು ಅಪರೂಪ. ‘ತಾವು ಓದಿದ ಕಾಲೇಜಿನಲ್ಲಿಯೇ ನಾನೂ ಓದಿದ್ದೇನೆ. ತಮ್ಮ ವಿಭಾಗದ ಕೆಲಸಕ್ಕೆ ನಾನು ಇನ್ನೇನು ಕಲಿಯಬೇಕೆಂದು ತಿಳಿಸುವಿರಾ?’ ಎಂದು ವಿನಯದಿಂದ ಕೇಳಿದರೆ ಬಹುಮಂದಿ ಸ್ಪಂದಿಸುತ್ತಾರೆ. ಇದು ವಶೀಲಿಯಲ್ಲ. ಅರ್ಹತೆಯಿಲ್ಲದವನನ್ನು ಒಳಗೆ ತಳ್ಳುವುದು ವಶೀಲಿ. ಅರ್ಹನಿಗೆ ಬಾಗಿಲು ಎಲ್ಲಿದೆಯೆಂದು ತೋರಿಸುವುದು ಉಪಕಾರ. ಉನ್ನತ ಹುದ್ದೆಗಳಲ್ಲಿರುವ ನಮ್ಮ ಓದುಗರು ಇಂಥ ಪತ್ರ ಬಂದಾಗ ಎರಡು ಸಾಲಾದರೂ ಉತ್ತರಿಸಬೇಕೆಂದು ನಾವು ಕೋರುತ್ತೇವೆ. ಆ ಎರಡು ಸಾಲು ಒಂದು ಮನೆಯ ಮೌನವನ್ನು ಮುರಿಯಬಲ್ಲವು.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ತಿಳಿಯದ ವಿದ್ಯೆಯನ್ನು ತಿಳಿದಿದೆಯೆಂದು ಪುಟದಲ್ಲಿ ಬರೆದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಕೆಲಸ ಕೊಡುವುದಾಗಿ ಹೇಳಿ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಎಂದು ಹಣ ಕೇಳುವವರನ್ನು ನಂಬಲೇಬಾರದು. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಒಂದು ವೇಳೆ ಹಣ ಕಳೆದುಕೊಂಡರೆ ಮಾನಕ್ಕೆ ಅಂಜಿ ಮುಚ್ಚಿಡದೆ, ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ಕರೆಮಾಡಬೇಕು.

ಅಳದ ಮಗುವಿಗೆ ತಾಯಿಯೂ ಹಾಲುಣಿಸಳು ಎಂಬ ಮಾತು ನಮ್ಮಲ್ಲಿದೆ. ಬರುವ ಭಾನುವಾರ ತಂದೆತಾಯಿಗಳು ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ಅವರ ಪುಟವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಲಿ. ನಮ್ಮ ಮಗುವಿಗೆ ಯಾವ ಕೆಲಸ ಬರುತ್ತದೆಂಬುದು ಅದನ್ನು ಕೇಳಿದ ಮೇಲೂ ನಮಗೇ ಸ್ಪಷ್ಟವಾಗದಿದ್ದರೆ, ದೂರದಲ್ಲಿರುವ ಅಪರಿಚಿತರಿಗೆ ಹೇಗೆ ಸ್ಪಷ್ಟವಾದೀತು? ಅಂದೇ ಅದನ್ನು ತಿದ್ದಿ ಬರೆಯಲಿ.