ಬಾವಿಯ ಬಾಣಗಳೂ ಅಜ್ಜಿಯ ಅಡಕೊತ್ತೂ

ಭಿವಂಡಿಯ ಮಳೆಗಾಲದಲ್ಲಿ ಕಬ್ಬಿಣದ ಸಾಮಾನಿಗೆ ತುಕ್ಕು ತಪ್ಪಿದ್ದಲ್ಲ. ಹೋದ ಮಳೆಗಾಲದಲ್ಲಿ ನಾವು ಅಜ್ಜಿಯ ಅಡಕೊತ್ತಿಗೆ ಹುಣಿಸೆಹಣ್ಣು ಹಚ್ಚಿ, ಮರಳುಕಾಗದದಿಂದ ತಿಕ್ಕಿ, ಥಳಥಳ ಹೊಳೆಯಿಸಿದೆವು. ತುಕ್ಕಿನೊಡನೆ ಕಮ್ಮಾರನ ಗುರುತೂ ಅಳಿಸಿಹೋಯಿತು. ಅದು ಯಾವ ಊರಿನ ಕುಲುಮೆಯದೆಂಬುದಕ್ಕೆ ಇದ್ದ ಸಾಕ್ಷಿ ಅದೊಂದೇ! ಊರಿನಿಂದ ಬಂದ ಅತ್ತೆಯವರು ನೋಡಿ ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಆಗ ನಮಗೆ ನೆನಪಾದದ್ದು ಶಿವಮೊಗ್ಗ ಜಿಲ್ಲೆಯ ನಗರದ ಸಂಗತಿ. ಕೆಳದಿ ಅರಸರ ರಾಜಧಾನಿಯಾಗಿದ್ದ ಈ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು. 2002ರಲ್ಲಿ ಅಲ್ಲಿನ ಪಾಳುಬಾವಿಯೊಂದರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. ಫಿರಂಗಿಯ ಗುಂಡುಗಳೆಂದು ಭಾವಿಸಿದ್ದ ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ಗೊತ್ತಾದದ್ದು ವರ್ಷಗಳ ನಂತರ. ಬಾವಿಯ ಮಣ್ಣಿಗೆ ಮದ್ದಿನ ವಾಸನೆಯಿತ್ತಂತೆ. ಅದನ್ನು ಹಿಡಿದು 2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯ 15 ಮಂದಿ ಮೂರು ದಿನ ಅಗೆದು ಸಾವಿರಕ್ಕೂ ಮಿಕ್ಕಿ ಬಾಣಗಳನ್ನು ಹೊರತೆಗೆದರು. ಕಟ್ಟಿದ ಬಿದಿರು ಎಂದೋ ಮಣ್ಣಾಗಿರಬೇಕು, ಕಬ್ಬಿಣ ಉಳಿದಿದೆ. ಆ ಕಬ್ಬಿಣವೇ ಅದರ ಗುಟ್ಟು: ಕಾಗದದ ಕೊಳವೆ ತಾಳದಷ್ಟು ಒತ್ತಡವನ್ನು ತಾಳಿ, ಬಾಣವನ್ನು ಬಹುದೂರ ಚಿಮ್ಮಿಸುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ಕಾಂಗ್ರೀವ್ ಸಾಹೇಬ ತನ್ನ ರಾಕೆಟ್ಟುಗಳಿಗೆ ಇವನ್ನೇ ಮಾದರಿ ಮಾಡಿಕೊಂಡ.

ಇಂಥ ವಸ್ತುವನ್ನು ಬಲ್ಲವರು ಮೊದಲು ಅಳೆದು, ತೂಗಿ, ಚಿತ್ರ ತೆಗೆಯುತ್ತಾರೆ, ಆಮೇಲೇ ಕೈಹಚ್ಚುವುದು. ಏಕೆಂದರೆ ಬಹುಕಾಲ ಹೂತಿದ್ದ ಕಬ್ಬಿಣದ ಮೂಲ ಆಕಾರ ಹಲವು ವೇಳೆ ತುಕ್ಕಿನ ಪದರದಲ್ಲೇ ಅಡಗಿರುತ್ತದೆ. ಕೆರೆದರೆ ಆಕಾರವೇ ಹೋದೀತು. ಒಳಗೆ ಸೇರಿದ ಉಪ್ಪಿನಂಶ ತುಕ್ಕನ್ನು ಬೆಳೆಸುತ್ತಲೇ ಇರುವುದರಿಂದ, ಕ್ಷಾರದ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ, ಮತ್ತೆಮತ್ತೆ ನೀರು ಬದಲಿಸಿ ಅದನ್ನು ಹೊರಗೆಳೆಯುವುದುಂಟು. ಬಳಿಕ ಚೆನ್ನಾಗಿ ಒಣಗಿಸಿ ತೆಳುವಾದ ಮೇಣದ ಲೇಪ. (ಮದ್ದು ತುಂಬಿದ ವಸ್ತುವೇನಾದರೂ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸತಕ್ಕದ್ದು, ಅದು ಗೃಹಸ್ಥರ ಕೆಲಸವಲ್ಲ.)

ಮನೆಯ ಹಳೆಯ ಈಳಿಗೆಮಣೆ, ಕುಡುಗೋಲುಗಳಿಗೆ ಇಷ್ಟೆಲ್ಲ ಬೇಡ. ಮೊದಲು ಗುರುತುಗಳ ಫೋಟೋ ತೆಗೆದಿಡಿ. ಮೃದುವಾದ ಬ್ರಷ್ಷಿನಿಂದ ಧೂಳು ಕೊಡವಿ, ಒಣಬಟ್ಟೆಯಲ್ಲಿ ಒರೆಸಿ, ತೇವ ತಾಗದ ಡಬ್ಬಿಯಲ್ಲಿಡಿ. ದಿನವೂ ಬಳಸುವುದಕ್ಕೆ ಎಣ್ಣೆ ಸವರಿದರೆ ಸರಿ; ನೆನಪಿಗೆಂದು ಇಟ್ಟದ್ದಕ್ಕೆ ಬೇಡ, ಜಿಡ್ಡಿಗೆ ಧೂಳು ಮೆತ್ತುತ್ತದೆ. ಗುಜರಿಯವನಿಗಂತೂ ಹಿರಿಯರನ್ನು ಕೇಳದೆ ಕೊಡಬೇಡಿ.

ನಮ್ಮ ಅಡಕೊತ್ತಿನ ಹಿಡಿಯ ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಬಾಗು ಇನ್ನೂ ಉಳಿದಿದೆ. ಅದನ್ನು ನೋಡಿ ಇಂಥ ಊರಿನದೆಂದು ಹೇಳಬಲ್ಲ ಹಿರಿಯರು ವಾಚಕರಲ್ಲಿದ್ದರೆ ದಯಮಾಡಿ ಒಂದು ಸಾಲು ಬರೆಯಬೇಕು.