ನಕ್ಷತ್ರದ ಲೆಕ್ಕ ಕಾಮರ್ಸ್‌ನವರಿಗೂ ಸೇರಿದ್ದು

ನಮ್ಮ ಕಾಲೇಜಿನಲ್ಲಿ ಒಂದು ಮಾತು ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ: ‘ಅದು ನಮ್ಮ ಪೋರ್ಷನ್ ಅಲ್ಲ.’ ಸೈನ್ಸ್‌ನವರು ಲೆಡ್ಜರ್ ನೋಡಿ ಹಾಗೆನ್ನುತ್ತಾರೆ. ಕಾಮರ್ಸ್‌ನವರಾದ ನಾವು ನಕ್ಷತ್ರ, ದೂರದರ್ಶಕ ಎಂದರೆ ಹಾಗೆನ್ನುತ್ತೇವೆ. ಹತ್ತನೇ ತರಗತಿ ಮುಗಿದ ಮೇಲೆ ಅರ್ಜಿಯಲ್ಲಿ ಒಂದು ವಿಭಾಗ ಬರೆದುಕೊಟ್ಟ ಮಾತ್ರಕ್ಕೆ ಆಕಾಶದ ಬಾಗಿಲು ಮುಚ್ಚಬೇಕೇ? ಮುಚ್ಚಬಾರದು ಎಂದು ಹೇಳಲು ಈ ಲೇಖನ. ಅದಕ್ಕೆ ನಾನು ತೆಗೆದುಕೊಂಡ ಉದಾಹರಣೆ ನೋವಾ ಎಂಬ ನಕ್ಷತ್ರ ಸ್ಫೋಟ, ಮತ್ತು ಅದನ್ನು ಅವಕೆಂಪು ಬೆಳಕಿನಲ್ಲಿ ಓದುವ ನಮ್ಮ ದೇಶದ ವಿಜ್ಞಾನಿಗಳ ಕೆಲಸ.

ನೋವಾ ಎಂದರೇನು ಎಂಬುದನ್ನು ನಮ್ಮ ವಿಭಾಗದ ಭಾಷೆಯಲ್ಲೇ ಹೇಳುತ್ತೇನೆ. ಎರಡು ನಕ್ಷತ್ರಗಳು ಜೋಡಿಯಾಗಿ ಸುತ್ತುತ್ತಿವೆ ಎಂದುಕೊಳ್ಳಿ. ಒಂದು ಶ್ವೇತಕುಬ್ಜ. ಗಾತ್ರ ಭೂಮಿಯಷ್ಟು, ತೂಕ ಮಾತ್ರ ಸೂರ್ಯನ ಹತ್ತಿರ ಹತ್ತಿರ. ಪಕ್ಕದ ನಕ್ಷತ್ರದ ಹೈಡ್ರೋಜನ್ ಅನಿಲ ಸ್ವಲ್ಪ ಸ್ವಲ್ಪವಾಗಿ ಬಂದು ಇದರ ಮೇಲೆ ಬೀಳುತ್ತದೆ. ಒಂದರ ಖಾತೆಯಲ್ಲಿ ಖರ್ಚು, ಇನ್ನೊಂದರ ಖಾತೆಯಲ್ಲಿ ಜಮಾ. ಜಮಾ ಒಂದು ಮಿತಿ ದಾಟಿದಾಗ ಒತ್ತಡ ಮತ್ತು ಶಾಖ ಏರಿ ಬೈಜಿಕ ಸಮ್ಮಿಲನ ಭುಗಿಲೇಳುತ್ತದೆ. ಮೇಲಿನ ಪದರ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಾರಿಹೋಗುತ್ತದೆ. ಸೂಪರ್‌ನೋವಾದಲ್ಲಿ ಆ ನಕ್ಷತ್ರದ ಖಾತೆಯೇ ಮುಗಿದ ಹಾಗೆ. ನೋವಾದಲ್ಲಿ ಹಾಗಲ್ಲ. ಶ್ವೇತಕುಬ್ಜ ಉಳಿಯುತ್ತದೆ, ಹೊಸ ಪುಟ ತೆರೆದು ಮತ್ತೆ ಜಮಾ ಮಾಡತೊಡಗುತ್ತದೆ.

ಇದನ್ನು ಅವಕೆಂಪು ಬೆಳಕಿನಲ್ಲಿ ಏಕೆ ನೋಡಬೇಕು? ಅವಕೆಂಪು ಎಂದರೆ ಕೆಂಪು ಬಣ್ಣದ ಆಚೆ ಇರುವ, ನಮ್ಮ ಕಣ್ಣಿಗೆ ಕಾಣದ ಬೆಳಕು. ಮನೆಯ ಟಿವಿ ರಿಮೋಟ್ ಒತ್ತಿ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಹಲವು ಫೋನ್‌ಗಳಲ್ಲಿ ಒಂದು ಮಂಕು ಮಿಣುಕು ಕಾಣುತ್ತದೆ. ಅದೇ ಜಾತಿಯ ಬೆಳಕು ಅದು. ಕೆಲವು ನೋವಾಗಳಲ್ಲಿ ಸ್ಫೋಟವಾದ ಕೆಲವು ವಾರಗಳ ನಂತರ ಹೊರಚೆಲ್ಲಿದ ಅನಿಲ ತಣಿದು ದೂಳಾಗುತ್ತದೆ. ಆಗ ಮಾಮೂಲಿ ಬೆಳಕಿನಲ್ಲಿ ನಕ್ಷತ್ರ ಮಂಕಾಗುತ್ತದೆ. ಆದರೆ ಬಿಸಿಯಾದ ಆ ದೂಳು ಅವಕೆಂಪಿನಲ್ಲಿ ಜೋರಾಗಿ ಹೊಳೆಯುತ್ತದೆ. ಬರೀ ಕಣ್ಣನ್ನು ನಂಬಿದವರಿಗೆ ಎಲ್ಲ ಮುಗಿಯಿತು ಎನಿಸುವ ಹೊತ್ತಿಗೆ ಇಲ್ಲಿ ಮುಖ್ಯ ಕಥೆ ಶುರುವಾಗಿರುತ್ತದೆ.

ಆ ಬೆಳಕನ್ನು ಬಿಡಿಸಿ ಹರಡಿದರೆ ಸಿಗುವುದು ರೋಹಿತ. ಅದರಲ್ಲಿ ಗೆರೆಗಳಿರುತ್ತವೆ. ಪ್ರತಿ ಮೂಲವಸ್ತುವಿಗೂ ತನ್ನದೇ ಗೆರೆಗಳಿವೆ, ಬ್ಯಾಂಕಿನಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಖಾತೆ ಸಂಖ್ಯೆ ಇದ್ದಂತೆ. ಯಾವ ಗೆರೆ ಇದೆ ಎಂಬುದರಿಂದ ಯಾವ ವಸ್ತು ಎಂದು ತಿಳಿಯುತ್ತದೆ. ಗೆರೆ ಎಷ್ಟು ಅಗಲವಾಗಿದೆ ಎಂಬುದರಿಂದ ಅನಿಲ ಎಷ್ಟು ವೇಗವಾಗಿ ಹಾರುತ್ತಿದೆ ಎಂದು ತಿಳಿಯುತ್ತದೆ.

ಈ ಕೆಲಸದಲ್ಲಿ ನಮ್ಮ ದೇಶದ ಹೆಸರು ದೊಡ್ಡದು. ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ 1.2 ಮೀಟರ್ ಅವಕೆಂಪು ದೂರದರ್ಶಕವಿದೆ. 2006ರ ಫೆಬ್ರವರಿಯಲ್ಲಿ ಆರ್‌ಎಸ್ ಒಫಿಯೂಕಿ ಎಂಬ ನಕ್ಷತ್ರ ಸಿಡಿದಾಗ ಅಲ್ಲಿನ ವಿಜ್ಞಾನಿಗಳು ಅದರ ಗೆರೆಗಳನ್ನು ದಿನದಿನವೂ ಅಳೆದರು. ಗೆರೆಗಳು ಕಿರಿದಾಗುತ್ತಾ ಹೋದವು. ಹಾರಿದ ಅನಿಲ ಪಕ್ಕದ ಕೆಂಪು ದೈತ್ಯ ನಕ್ಷತ್ರ ಮೊದಲೇ ಚೆಲ್ಲಿದ್ದ ಅನಿಲಕ್ಕೆ ಗುದ್ದಿ ವೇಗ ಕಳೆದುಕೊಳ್ಳುತ್ತಿರುವುದನ್ನು ಅವರು ಅದರಿಂದ ಕಂಡುಕೊಂಡರು. 2007ರಲ್ಲಿ ವೃಶ್ಚಿಕ ರಾಶಿಯ ಕಡೆ ಕಂಡ ವಿ1280 ಸ್ಕಾರ್ಪಿಯೈ ನೋವಾದಲ್ಲಿ ದೂಳು ಕಟ್ಟುವುದನ್ನು ನೋಡಿದರು. ಅದೇ ವರ್ಷದ ಇನ್ನೊಂದು ನೋವಾದಲ್ಲಿ ಕಾರ್ಬನ್ ಮಾನಾಕ್ಸೈಡಿನ ಗುರುತು ಹಿಡಿದು ಅಧ್ಯಯನ ಮಾಡಿದರು.

ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಲಡಾಖಿನ ಹಾನ್ಲೆಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅಷ್ಟು ಎತ್ತರ ಏಕೆಂದರೆ ಗಾಳಿಯಲ್ಲಿರುವ ನೀರಾವಿ ಅವಕೆಂಪು ಬೆಳಕನ್ನು ಹೀರಿಬಿಡುತ್ತದೆ. ಹಾನ್ಲೆಯ ಗಾಳಿ ಒಣಗಿದ್ದು, ತಣ್ಣಗಿನದು. 2013ರಲ್ಲಿ ಅದಕ್ಕೆ ಟಿರ್‌ಸ್ಪೆಕ್ ಎಂಬ ಅವಕೆಂಪು ರೋಹಿತ ಯಂತ್ರ ಜೋಡಿಸಿದರು. ಯಂತ್ರದ ಶಾಖವೇ ಅವಕೆಂಪು ಬೆಳಕಾಗಿ ಅಡ್ಡ ಬರುವುದರಿಂದ ಅದನ್ನು ದ್ರವ ಸಾರಜನಕದಿಂದ ತಂಪಾಗಿಡಬೇಕು. ಇಷ್ಟೆಲ್ಲ ಇರುವುದು ಲಡಾಖಿನಲ್ಲಿ. ಆದರೆ ದೂರದರ್ಶಕವನ್ನು ತಿರುಗಿಸುವವರು ಕೂತಿರುವುದು ಕೋಲಾರದ ರಸ್ತೆಯ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ನೋವಾಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಆ ಸಂಸ್ಥೆಯ ಜಿ.ಸಿ. ಅನುಪಮಾ ಅವರು ಭಾರತೀಯ ಖಗೋಳ ಸಂಘದ ಮೊದಲ ಮಹಿಳಾ ಅಧ್ಯಕ್ಷರೂ ಆದರು. ಹೊಸಕೋಟೆಯಲ್ಲಿ ಕೂತು ಹಾನ್ಲೆಯ ಆಕಾಶ ನೋಡಬಹುದಾದರೆ, ಚನ್ನಗಿರಿಯಲ್ಲಿ ಕೂತು ಅದರ ಬಗ್ಗೆ ತಿಳಿಯುವುದು ದೂರದ ಮಾತೇ?

ಮನೆಯಲ್ಲಿ ಈ ವಿಷಯ ಎತ್ತಿದಾಗ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: ‘ಇಸ್ಸೆ ಕ್ಯಾ ಫಾಯ್ದಾ?’ ನ್ಯಾಯವಾದ ಪ್ರಶ್ನೆ. ಈ ದೂರದರ್ಶಕಗಳು ನಡೆಯುವುದು ಸರ್ಕಾರದ ಹಣದಲ್ಲಿ. ನಾವು ಅಂಗಡಿಯಲ್ಲಿ ಒಂದು ಸೋಪು ಕೊಂಡಾಗ ಕಟ್ಟುವ ಜಿಎಸ್‌ಟಿಯೂ ಆ ಬೊಕ್ಕಸಕ್ಕೇ ಹೋಗುತ್ತದೆ. ಹಾಗಾಗಿ ಲೆಕ್ಕ ಕೇಳುವ ಹಕ್ಕು ನಮಗಿದೆ.

ನನ್ನ ಉತ್ತರ ಇದು. ನೋವಾ ಸಿಡಿದರೆ ಚನ್ನಗಿರಿಯ ಅಡಿಕೆಗೆ ಒಂದು ರೂಪಾಯಿ ದರವೂ ಏರುವುದಿಲ್ಲ. ಆದರೆ ಬೆಳಕಿನಿಂದ ವಸ್ತುವನ್ನು ಗುರುತಿಸುವ ಇದೇ ವಿದ್ಯೆ ಭೂಮಿಯ ಮೇಲೂ ದುಡಿಯುತ್ತಿದೆ. ದೊಡ್ಡ ಡೇರಿಗಳ ಪ್ರಯೋಗಾಲಯಗಳಲ್ಲಿ ಹಾಲಿನ ಕೊಬ್ಬು, ಪ್ರೋಟೀನ್ ಅಳೆಯುವುದು ಅವಕೆಂಪು ಬೆಳಕಿನಿಂದ. ಧಾನ್ಯದ ತೇವಾಂಶವನ್ನೂ ಹಾಗೆ ಅಳೆಯುತ್ತಾರೆ. ಇನ್ನೊಂದು ಮಾತು ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೇ ಇದೆ. ಕೆಲವು ಖರ್ಚಿನ ಫಲ ಆ ವರ್ಷವೇ ಮುಗಿಯುತ್ತದೆ, ಕೆಲವು ಖರ್ಚಿನ ಫಲ ಬಹಳ ವರ್ಷ ಬರುತ್ತದೆ. ಎರಡನೆಯದನ್ನು ಬಂಡವಾಳ ವೆಚ್ಚ ಎನ್ನುತ್ತೇವೆ. ಆಕಾಶದ ದಾಖಲೆ ಅಂಥದ್ದು. 1006ರಲ್ಲಿ ಕಂಡ ಒಂದು ಸೂಪರ್‌ನೋವಾದ ಬಗ್ಗೆ ಈಜಿಪ್ಟಿನ ಅಲಿ ಇಬ್ನ್ ರಿದ್ವಾನ್ ಬರೆದಿಟ್ಟ ವಿವರ ಸಾವಿರ ವರ್ಷದ ನಂತರವೂ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂದಿದೆ. ಅವರ ಕೈಯಲ್ಲಿ ದೂರದರ್ಶಕ ಇರಲಿಲ್ಲ. ನೋಡುವ ಕಣ್ಣು ಇತ್ತು, ಬರೆದಿಡುವ ಶಿಸ್ತು ಇತ್ತು.

ಬರೆದಿಡುವ ಶಿಸ್ತು ಎಂದರೆ ಕಾಮರ್ಸ್ ತಾನೇ? ಅದನ್ನು ಬಳಸಲು ಒಳ್ಳೆಯ ಅವಕಾಶವೂ ಇದೆ. ಸ್ವಾತಿ ಮತ್ತು ಅಭಿಜಿತ್ ನಕ್ಷತ್ರಗಳ ನಡುವೆ ಉತ್ತರ ಕಿರೀಟ ಎಂಬ ಸಣ್ಣ ನಕ್ಷತ್ರಪುಂಜವಿದೆ, ಅರ್ಧ ಬಳೆಯ ಆಕಾರ. ಅದರ ಹೊಳೆಯುವ ನಕ್ಷತ್ರದ ಹೆಸರು ಅಲ್ಫೆಕ್ಕಾ. ಇದು ಅರಬ್ಬಿ ಮಾತು, ‘ಮುರಿದ ಬಳೆ’ ಎಂಬ ಅರ್ಥದ ಪದದಿಂದ ಬಂದದ್ದು. ಅದೇ ಪುಂಜದಲ್ಲಿ ಸುಮಾರು 3,000 ಜ್ಯೋತಿರ್ವರ್ಷ ದೂರದಲ್ಲಿ ಟಿ ಕರೋನಾ ಬೋರಿಯಾಲಿಸ್ ಎಂಬ ನಕ್ಷತ್ರವಿದೆ. ಮಾಮೂಲಿ ದಿನಗಳಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ. ಸಿಡಿದಾಗ ಧ್ರುವ ನಕ್ಷತ್ರದಷ್ಟು ಹೊಳೆದು, ಕೆಲವೇ ದಿನಗಳಲ್ಲಿ ಮತ್ತೆ ಮರೆಯಾಗುತ್ತದೆ. ಅದು 1866ರಲ್ಲಿ ಸಿಡಿಯಿತು, 1946ರಲ್ಲಿ ಸಿಡಿಯಿತು. ಅಂತರ 80 ವರ್ಷ. ಮುಂದಿನ ಕಂತು ಯಾವಾಗ ಎಂದು ನೀವೇ ಕೂಡಿಸಿ ನೋಡಿ. ನಮ್ಮ ಕಾಲಕ್ಕೇ ಬರುತ್ತದೆ. 1946ರಲ್ಲಿ ಅದನ್ನು ಮನೆಯ ಕಿಟಕಿಯಿಂದ ಕಂಡವರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಮೈಕಲ್ ವುಡ್‌ಮನ್ ಎಂಬ ಹುಡುಗನೂ ಒಬ್ಬ. ಆಗ ಅವನಿಗೆ 15 ವರ್ಷ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು.

ಆಕಾಶ ನೋಡುವುದು ನಮ್ಮ ಮನೆಗಳಿಗೂ ಹೊಸದಲ್ಲ. ರಂಜಾನ್ ಚಂದ್ರ ಕಾಣಲು ಮಾಳಿಗೆ ಹತ್ತುವಾಗ ಯಾರು ಕಂಡರು, ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ ಎಂದು ಹಿರಿಯರು ವಿಚಾರಿಸಿಯೇ ಒಪ್ಪುತ್ತಾರೆ. ವಿಜ್ಞಾನ ಕೇಳುವುದೂ ಅದೇ ಪ್ರಶ್ನೆಗಳನ್ನು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಲೈಬ್ರರಿಯಲ್ಲಿ ಒಂದು ಆಕಾಶ ರಿಜಿಸ್ಟರ್ ಇಡಿಸಿ. ದಿನಾಂಕ, ಸಮಯ, ಊರು, ಮೋಡ ಇತ್ತೇ, ಉತ್ತರ ಕಿರೀಟದಲ್ಲಿ ಹೊಸ ನಕ್ಷತ್ರ ಕಂಡಿತೇ, ಸಹಿ. ಆರು ಕಾಲಂ ಸಾಕು. ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕು. ಅದೂ ದಾಖಲೆಯೇ. ಏಪ್ರಿಲ್ ಕೊನೆಯಲ್ಲಿ ರಾತ್ರಿ 9ರ ಹೊತ್ತಿಗೆ ಆ ಪುಂಜ ಈಶಾನ್ಯದಲ್ಲಿ ಕಾಣುತ್ತದೆ. ರಾತ್ರಿ ಕಾಲೇಜಿಗೆ ಬರಬೇಕಾಗಿಲ್ಲ, ಹುಡುಗಿಯರಿಗೂ ಅಡ್ಡಿಯಿಲ್ಲ. ಅವರವರ ಮನೆಯ ಮಾಳಿಗೆಯಿಂದ, ಅಂಗಳದಿಂದ ಐದು ನಿಮಿಷ ನೋಡಿದರೆ ಸಾಕು. ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಸ್ಸಿನಲ್ಲಿ ಬರುವವರು ಅವರ ಊರಿನದು ಬರೆಯಲಿ. ಹಾಸ್ಟೆಲ್‌ನಲ್ಲಿರುವ ಜಗಳೂರಿನವರು ರಜೆಗೆ ಹೋದಾಗ ಬರೆಯಲಿ. ಒಂದು ಊರಿನಲ್ಲಿ ಮೋಡವಿದ್ದರೆ ಇನ್ನೊಂದರಲ್ಲಿ ಇರಲಿಕ್ಕಿಲ್ಲ. ಮಳೆ ಕಡಿಮೆಯ ಜಗಳೂರನ್ನು ಬರದ ತಾಲ್ಲೂಕು ಎಂದೇ ಎಲ್ಲರೂ ಕರೆಯುತ್ತಾರೆ. ಮೋಡವಿಲ್ಲದ ಆ ಆಕಾಶವೇ ಈ ರಿಜಿಸ್ಟರಿಗೆ ಆಸ್ತಿ.

ಜೊತೆಗೆ, ಭೌತಶಾಸ್ತ್ರ ಉಪನ್ಯಾಸಕರು ವರ್ಷಕ್ಕೆ ಒಂದು ಮಧ್ಯಾಹ್ನ ಆರ್ಟ್ಸ್, ಕಾಮರ್ಸ್, ಸೈನ್ಸ್ ಮೂರೂ ವಿಭಾಗದವರನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ರೋಹಿತವನ್ನು ತೋರಿಸಿ ವಿವರಿಸಲಿ. ಕನ್ನಡದಲ್ಲಿ ಹೇಳಲಿ, ಬೇಕಾದವರಿಗೆ ಉರ್ದುವಿನಲ್ಲಿ ನಾವು ಹೇಳುತ್ತೇವೆ. ರಿಜಿಸ್ಟರಿಗೆ ಗೆರೆ ಹಾಕಿ ಕಾಲಂ ಬರೆಯುವ ಕೆಲಸವನ್ನು ಕಾಮರ್ಸ್ ವಿಭಾಗದ ಪರವಾಗಿ ನಾನು ಒಪ್ಪಿಕೊಳ್ಳುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ